ಹಿಂದಿನ ಗೇಟು

ಹದಿನೇಳು ವರ್ಷ ನಿಂತುಕೊಂಡೇ ಈ ಊರು ನೋಡಿದವಳು ನಾನು,
ಹೆಗಲಿಗೆ ಚೀಲ, ಬೆರಳ ಸಂದಿಗೆ ನೋಟು,
ಸ್ಟಾಪು ಸ್ಟಾಪಿಗೂ ಸೀಟಿ.
ವಿಜಯದಶಮಿಗೆ ರಜೆ ಸಿಕ್ಕಿತು. ಕೂತು ನೋಡೋಣ ಅಂತ
ಹನ್ನೆರಡು ಗಂಟೆಗೆ ಒಂದು ಬಿಳಿ ಕಾರು ಬಾಡಿಗೆಗೆ ಹಿಡಿದೆ,
ನಾನೇ ಓಡಿಸುವುದು.

ಬಾಡಿಗೆ ಕಾರಿಗೂ ನಿನ್ನೆ ಯಾರೋ ಪೂಜೆ ಮಾಡಿದ್ದರು.
ಬಂಪರಿಗೆ ಕಟ್ಟಿದ ಬಾಳೆಕಂದು ಆಗಲೇ ಸೋತು
ಟಪ ಟಪ ಬಡಿಯುತ್ತಿತ್ತು.
ಕೀ ಕೊಟ್ಟ ಹುಡುಗ ಗೀರುಗಳನ್ನೆಲ್ಲ ಫೋಟೊ ಹಿಡಿದ:
ಎಡಬಾಗಿಲಲ್ಲಿ ಒಂದು, ಹಿಂದೆ ಎರಡು.
ಇವು ನಿಮ್ಮವಲ್ಲ ಮೇಡಂ, ಇನ್ನು ಮುಂದಿನದೆಲ್ಲ ನಿಮ್ಮದೇ.

ದೊಡ್ಡಮ್ಮ ಸಂಪಂಗಮ್ಮ ಮುಂದಿನ ಸೀಟು.
ಬೆಲ್ಟು ಹಾಕಿದರೆ, ಇದೇನಮ್ಮಿ, ದನ ಕಟ್ದಂಗೆ, ಅಂದಳು.
ಹಿಂದೆ ಮಗಳು ಲೋಹಿತ, ಕಾಲೇಜಿನ ಪ್ರಾಜೆಕ್ಟಿಗೆ
ಹಳೇ ಮನೆಗಳ ಪಟ್ಟಿ ಹಿಡಿದು.
ಸಿದ್ದಾಪುರದ ತಿರುವಿನಲ್ಲಿ ಗೇರು ಬದಲಿಸುವಾಗ
ಬಾಯಿ ತಪ್ಪಿ, ರೈಟ್ ರೈಟ್, ಅಂದೆ.
ಇಬ್ಬರೂ ನಕ್ಕರು. ನನಗೆ ಮಾತ್ರ ಯಾರೋ ಇಳಿಯುವವರು
ಉಳಿದುಬಿಟ್ಟರೇನೋ ಅನ್ನಿಸಿತು.

ಲಾಲ್‌ಬಾಗಿನಲ್ಲಿ ಜನವೆಲ್ಲ ಗಾಜಿನ ಮನೆ ಕಡೆಗೆ.
ದೊಡ್ಡಮ್ಮ ಅತ್ತ ತಿರುಗಲಿಲ್ಲ.
ಬಗ್ಗಿ ಒಂದು ಹಿಡಿ ಮಣ್ಣು ಹಿಸುಕಿ,
ನೀರು ಜಾಸ್ತಿ ಬಿಟ್ಟವ್ರೆ, ಅಂದು ಎದ್ದಳು.
ಅವಳು ನೋಡುವುದೆಂದರೆ ಅಷ್ಟೇ.

ಆಮೇಲೆ ರಿಚ್ಮಂಡ್ ಟೌನಿನ ಬಂಗಲೆ, ಡ್ಯಾಫ್ನಿ ಲಾಡ್ಜ್.
ತಲೆಗೆ ನೂರೈವತ್ತು. ಮಂಕಿಟಾಪು ಕಿಟಕಿ, ಕೆಂಪು ನೆಲ,
ಕುರ್ಚಿಯ ಸುತ್ತ ಹಗ್ಗ.
ಸಾಹೇಬರು ಇಲ್ಲಿ ಕೂತು ಟೀ ಕುಡಿಯುತ್ತಿದ್ದರು, ಅಂದ ಗೈಡು.
ಈ ತೋಟ ಅವರ ಹೆಂಡತಿ ಕೈಯಾರೆ ಮಾಡಿದ್ದು, ಅಂತ ಬೋರ್ಡು.
ಇಂಥ ಮನೆ ನಾ ಕಂಡೇ ಇಲ್ಲ ಬಿಡು, ಅಂದಳು ದೊಡ್ಡಮ್ಮ,
ಎಪ್ಪತ್ತಾರರ ಮಂಡಿ ನೀವಿಕೊಳ್ಳುತ್ತ.

ಅವಳಿಗೆ ಬಚ್ಚಲು ಬೇಕಾಗಿ ಹಿತ್ತಲಿಗೆ ಹೋದೆವು.
ಅಲ್ಲೊಂದು ಹಿತ್ತಾಳೆ ನಲ್ಲಿ, ಸವೆದ ಕಲ್ಲು,
ತುಕ್ಕು ಹಿಡಿದ ಗೇಟು.
ಅಯ್ಯೋ, ಇದಾ!
ಎರಡು ರೂಪಾಯಿ ಕೂಲಿಗೆ ಹನ್ನೊಂದು ವರ್ಷ.
ಮುಂದಿನ ಹೂಮಡಿ ಗಂಡಸರದು,
ಹಿಂದಿನ ಕುಂಡ, ಕಳೆ, ತರಕಾರಿ ಪಾತಿ ಹೆಂಗಸರದು.
ಈ ಗೇಟಲ್ಲಿ ಬಂದು ಈ ಗೇಟಲ್ಲೇ ಹೋದವಳಿಗೆ
ಆ ಮನೆಗೊಂದು ಮುಖವಿದ್ದದ್ದೇ ಗೊತ್ತಿರಲಿಲ್ಲ.

ಸಾಹೇಬರು ಹೇಗಿದ್ರು ಅಜ್ಜಿ? ಲೋಹಿತ ಫೋನು ಒಡ್ಡಿದಳು.
ಅವನ ಬೂಟು ನೋಡಿದೀನಿ.
ಬಗ್ಗಿದೋರ ಕಣ್ಣಿಗೆ ಅಷ್ಟೇ ಮಗಾ ಎಟುಕೋದು.
ಎಮ್ಮೆ ಮಾತ್ರ ಚೆನ್ನಾಗಿತ್ತು.

ಕಾರಿಗೆ ಬಂದಾಗ ಜಿರೇನಿಯಂ ಘಾಟು.
ಎಲೆಅಡಿಕೆ ಚೀಲದಲ್ಲಿ, ಒದ್ದೆ ವೀಳ್ಯದೆಲೆಯ ನಡುವೆ
ಬೆರಳುದ್ದದ ಒಂದು ತುಂಡು, ಬುಡಕ್ಕೆ ಮಣ್ಣು.
ನಾನು ಕೇಳಿರಲೇ ಇಲ್ಲ. ಕದ್ದಿದ್ದಲ್ಲ, ಅಂದಳು,
ನೆಟ್ಟೋಳು ನಾನೇ. ಇದನ್ನಲ್ಲ, ಇದರ ಅಜ್ಜೀನ.

ಪಟ್ಟಿಯಲ್ಲಿ ಇನ್ನೂ ಎರಡು ಮನೆ.
ಒಂದಕ್ಕೆ ಬೀಗ, ಸರಳಿನಾಚೆಯಿಂದ ನಾಯಿ ನಮ್ಮನ್ನು ನೋಡಿತು.
ಇನ್ನೊಂದರ ದಾರಿಗೆ ಅಡ್ಡ ದೇವರ ಮೆರವಣಿಗೆ.
ತಮಟೆ ಮುಗಿಯುವ ತನಕ ಗಾಜು ಏರಿಸಿಕೊಂಡು
ಚಿತ್ರಾನ್ನ ತಿಂದೆವು.

ರಾತ್ರಿ ಹುಡುಗ ಟಾರ್ಚು ಬಿಟ್ಟು ನೋಡಿದ.
ಗೀರು ಮೂರೇ. ಬಾಳೆಕಂದು ಎಲ್ಲೋ ಬಿದ್ದಿತ್ತು.
ಮ್ಯಾಟಿನ ಮೇಲೆ ಮಣ್ಣಿದೆ ಮೇಡಂ, ಕ್ಲೀನಿಂಗಿಗೆ ಇನ್ನೂರು.
ಐನೂರು ಕೊಟ್ಟೆ. ಚಿಲ್ಲರೆ ಇಲ್ಲ, ಅಂದ.
ಚಿಲ್ಲರೆ ಇಲ್ಲ ಅನ್ನುವವರನ್ನು ದಿನಾ ನೋಡುವವಳು ನಾನು.
ಅಲ್ಲೇ ನಿಂತೆ, ಕೊಡುವ ತನಕ.

ಮಾರನೇ ಬೆಳಿಗ್ಗೆ ಮತ್ತೆ ಡ್ಯೂಟಿ.
ಬಸ್ಸು ಅದೇ ಕಾಂಪೌಂಡಿನ ಹಿಂಬದಿಗೆ ಬಂದು ನಿಂತಿತು,
ಇಷ್ಟು ವರ್ಷ ಬರೀ ಗೋಡೆ ಅಂದುಕೊಂಡಿದ್ದೆ.
ಕಾರಲ್ಲಿ ಕೂತರೆ ಕಾಣುವುದಿಲ್ಲ;
ಬಸ್ಸಿನಲ್ಲಿ ನಿಂತರೆ, ಗೋಡೆಯಾಚೆ, ಆ ನಲ್ಲಿ.
ಯಾರೋ ಬಗ್ಗಿ ಕೊಡ ಇಡುತ್ತಿದ್ದಳು.
ಸೀಟಿ ಊದುವುದು ಚೂರು ತಡವಾಯಿತು.
ಡ್ರೈವರು ಕನ್ನಡಿಯಲ್ಲಿ ನನ್ನ ಹುಡುಕಿದ.